ಬಾಡಿ ಅವಳದು, ಇಂಜಿನ್ ಅವನದು

ಆ ಕಾರು ಯಾರದು ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದವರು ಊಟ ತಣ್ಣಗಾಗುವವರೆಗೂ ಕೂತು ಗಂಡಹೆಂಡಿರ ಜಗಳ ಕೇಳಬೇಕಾಗುತ್ತಿತ್ತು.

ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಬಣ್ಣ ಹಸಿರು, ಎತ್ತರ ಸೊಂಟದವರೆಗೆ. ಅದರೊಳಗೆ ಹತ್ತುವ ಮಾತೇ ಇಲ್ಲ. ಬಾಗಿಲು ತೆಗೆದು ಬೀಳಬೇಕು, ಇಳಿಯುವಾಗ ಯಾರಾದರೂ ಕೈಕೊಟ್ಟು ಎಳೆಯಬೇಕು. ಆ ಮನೆಯಾಕೆ ಲಾಂಡ್ರಿ ನಡೆಸುತ್ತಿದ್ದಳು, ಊರಿಗೆಲ್ಲ ಲಾಂಡ್ರಿಯಕ್ಕ. ಅವಳ ಅಪ್ಪ ಅದನ್ನು ಗಂಡುಮಕ್ಕಳಿಬ್ಬರಿಗೂ ಕೊಡದೆ ಮಗಳ ಹೆಸರಿಗೆ ಮಾಡಿಟ್ಟು ಕಣ್ಣು ಮುಚ್ಚಿದ್ದ. "ಅವರಿಬ್ಬರು ಗೋಡೆಗೆ ಗುದ್ದಿದಮೇಲೆ ಬ್ರೇಕ್ ಹುಡುಕೋ ಗಿರಾಕಿಗಳು" ಎಂದು ಅವರೆದುರೇ ಹೇಳುತ್ತಿದ್ದ ಮನುಷ್ಯ. ಮಗಳಿಗೆ ಅವನು ಓಡಿಸಲು ಕಲಿಸಿದ್ದು ಅದೇ ಕಾರಿನಲ್ಲಿ, ಊರಾಚೆಯ ಗುಡ್ಡದ ರಸ್ತೆಯ ತಿರುವುಗಳಲ್ಲಿ. ಹಾಗಾಗಿ ಬಾಡಿ ಅವಳದು. ಅದರಲ್ಲಿ ಎರಡು ಮಾತಿಲ್ಲ.

ಮದುವೆಯಾದ ಮೇಲೆ ಆ ಕಾರಿನ ಇಂಜಿನ್ ಸೀಜ್ ಆಗಿ, ಒಳಗೆಲ್ಲ ಕಚ್ಚಿಕೊಂಡು ಕೂತಿತು. ಆಗ ಅವಳ ಗಂಡ ತನ್ನ ಹಳೆಯ ಸರಕು ವ್ಯಾನಿನ ಆರು ಸಿಲಿಂಡರಿನ ಇಂಜಿನ್ ಕಿತ್ತು ತಂದು ಆ ಪುಟ್ಟ ಮೂತಿಯೊಳಗೆ ತುರುಕಿದ. ಅವನನ್ನು ಎಲ್ಲರೂ ಚಿಮಣಿ ಎಂದೇ ಕರೆಯುತ್ತಿದ್ದರು. ಹೋಟೆಲುಗಳ ಅಡುಗೆಮನೆಗೆ ಹೊಗೆ ಎಳೆಯುವ ಚಿಮಣಿ, ತಗಡಿನ ಕೊಳವೆ, ಎಕ್ಸಾಸ್ಟ್ ಫ್ಯಾನು ಕೂರಿಸುವುದು ಅವನ ಕಸುಬು. ಹಿಡಿಸದ ಜಾಗದಲ್ಲಿ ಹಿಡಿಸದ ವಸ್ತುವನ್ನು ಕೂರಿಸುವುದರಲ್ಲಿ ಅವನ ಕೈ ಪಳಗಿತ್ತು. ಬಡಿದು, ಕೊಯ್ದು, ಬೆಸುಗೆ ಹಾಕಿ, ಬೈದು, ಅಂತೂ ಇಂಜಿನ್ ಕೂತಿತು. ಕೂತ ದಿನದಿಂದ ಅವನ ಬಾಯಿಯೂ ಶುರುವಾಯಿತು.

"ಇಂಜಿನ್ ಇಲ್ಲದ ಕಾರು ಅಂದ್ರೆ ಬಾಗಿಲಿರೋ ಬೆಂಚು ಅಷ್ಟೇ. ಓಡೋದು ನನ್ನ ಇಂಜಿನ್ನು."

"ಕಾರಿಲ್ಲದ ಇಂಜಿನ್ ಅಂದ್ರೆ ಎಣ್ಣೆ ಸೋರೋ ಕಬ್ಬಿಣದ ಗುಡ್ಡೆ. ಅದನ್ನ ರಸ್ತೇಲಿ ಉರುಳಿಸ್ಕೊಂಡು ಹೋಗಿ, ನೋಡೋಣ."

"ಇಬ್ಬರೂ ಸೇರಿ ನನ್ನನ್ನ ಅದರಲ್ಲಿ ಕೂರಿಸಿ ಇಳಿಜಾರಲ್ಲಿ ತಳ್ಳಿಬಿಡಿ, ನಾನಾದ್ರೂ ನೆಮ್ಮದಿಯಾಗಿ ಹೋಗ್ತೀನಿ" ಎಂದು ಚಿಮಣಿಯ ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ಅತ್ತೆಗೆ ಮೊಣಕಾಲು ಕೈಕೊಟ್ಟಿತ್ತೇ ಹೊರತು ಗಂಟಲು ಗಟ್ಟಿಯಾಗಿಯೇ ಇತ್ತು.

ಇರಲಿ, ಜಗಳ ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆ ಇಂಜಿನ್ ಸುಮ್ಮನೆ ಓಡುತ್ತಿರಲಿಲ್ಲ, ಕುದಿಯುತ್ತಿತ್ತು. ವ್ಯಾನಿನ ರೇಡಿಯೇಟರ್ ಆ ತಗ್ಗು ಮೂತಿಗೆ ಹಿಡಿಸದೆ ಹಳೆಯ ಕಾರಿನ ಚಿಕ್ಕ ರೇಡಿಯೇಟರ್ ಅನ್ನೇ ಇಟ್ಟಿದ್ದರು. ದೊಡ್ಡ ಇಂಜಿನ್ನಿನ ಬಿಸಿ ತಡೆಯುವ ಯೋಗ್ಯತೆ ಅದಕ್ಕೆಲ್ಲಿಂದ ಬರಬೇಕು? ರಸ್ತೆ ಖಾಲಿಯಿದ್ದರೆ ಹೇಗೋ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ನಾಲ್ಕು ಗಾಡಿಗಳ ಹಿಂದೆ ನಿಂತಿತೋ, ಮುಗಿಯಿತು, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ. ಚಿಮಣಿ ಇಳಿದು, ಬಟ್ಟೆ ಸುತ್ತಿದ ಕೈಯಲ್ಲಿ ಮುಚ್ಚಳ ಹಿಡಿದು ನಿಂತರೆ ಹಿಂದಿನ ಗಾಡಿಯವರೆಲ್ಲ ಹಾರ್ನ್ ಬಜಾಯಿಸಿ ಅವನ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಿದ್ದರು. ಪಕ್ಕದ ಸೀಟಿನಲ್ಲಿ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಾನು ಯಾರೋ ಹೊರಗಿನವಳು ಎಂಬಂತೆ ಕೂತಿರುತ್ತಿದ್ದಳು.

ಅವಳಿಗೆ ಹಬೆಯ ನಾಚಿಕೆ ದೊಡ್ಡದಲ್ಲ. ದಿನವಿಡೀ ಹಬೆಯ ಇಸ್ತ್ರಿಯ ಮುಂದೆ ನಿಲ್ಲುವ ಹೆಂಗಸು ಅವಳು. ಅವಳನ್ನು ತಿನ್ನುತ್ತಿದ್ದದ್ದು ಬೇರೆ. ಇಂಜಿನ್ ಬದಲಾದ ದಿನದಿಂದ ಅಪ್ಪನ ಕಾರಿನ ಸ್ಟೀರಿಂಗ್ ಅವಳ ಕೈಗೆ ಒಂದು ಸಲವೂ ಬಂದಿರಲಿಲ್ಲ. ಲಾಂಡ್ರಿಯ ಗಾಡಿಯನ್ನು ಊರ ತುಂಬ ಓಡಿಸುವವಳು, ಹೋಟೆಲುಗಳ ಹಿಂಬದಿಯ ಇಕ್ಕಟ್ಟು ಗಲ್ಲಿಗಳಲ್ಲಿ ಕಣ್ಣುಮುಚ್ಚಿ ರಿವರ್ಸ್ ಹಾಕುವವಳು, ಈ ಕಾರಿನಲ್ಲಿ ಮಾತ್ರ ಪಕ್ಕದ ಸೀಟಿನ ಸಾಮಾನು. ಕೇಳಿದಾಗಲೆಲ್ಲ ಚಿಮಣಿಯದು ಒಂದೇ ರಾಗ.

"ಕೂಲಿಂಗ್ ಒಂದು ಸರಿಹೋಗ್ಲಿ ಕಣೇ, ಅವತ್ತೇ ಕೀ ನಿನ್ನ ಕೈಗೆ. ನಿನ್ನ ಕೈಲಿದ್ದಾಗ ಕುದ್ದು ಇಂಜಿನ್ ಹೆಡ್ ಗಿಡ್ ಸೊಟ್ಟ ಆದ್ರೆ ಆಮೇಲೆ ನಿನಗೇ ಬೇಜಾರು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅಬ್ಬಾ, ಒಳ್ಳೆಯದು! ಅವನು ಗೇರು ಬದಲಿಸುವಾಗ ಕೇಳುವ ಕರಕರ ಸದ್ದಿಗೆ ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ತಿರುವು ಬಂತೆಂದರೆ ಮಧ್ಯದಲ್ಲಿ ಬ್ರೇಕ್ ಒತ್ತಿ ಕಾರನ್ನು ಮುಗ್ಗರಿಸುವ ಹಾಗೆ ಮಾಡುತ್ತಿದ್ದ. ಪಕ್ಕದಲ್ಲಿ ಕೂತ ಅವಳ ಎಡಗಾಲು ತಾನಾಗಿ ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಆ ಜಾಗದ ಕಾಲೊರಸು ಸವೆದು ತೂತಾಗಿತ್ತು. ಬಾಯಿಬಿಟ್ಟರೆ ಜಗಳ, ಆದ್ದರಿಂದ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಕೂಲಿಂಗ್ ಸರಿಹೋಗುತ್ತದೆ ಎಂದು ಮಾತ್ರ ನಂಬಿದ್ದಳು ಪಾಪ, ವರ್ಷಗಟ್ಟಲೆ.

ಕಡೆಗೊಂದು ದಿನ ಪೆಟ್ರೋಲ್ ಬಂಕಿನ ಬಾಯಲ್ಲೇ ಕಾರು ಕುದಿದು ನಿಂತಿತು. ಬಂಕಿನವನು ಕೈಮುಗಿದು, "ದೊಡ್ಡ ಮನಸ್ಸು ಮಾಡಿ, ಈ ಬಾಂಬನ್ನ ಆಚೆ ತಳ್ಕೊಂಡು ಹೋಗಿ" ಎಂದ. ತಳ್ಳಿದ್ದು ಅಕ್ಕ. ಚಿಮಣಿ ಸ್ಟೀರಿಂಗ್ ಹಿಡಿದಿದ್ದ. ಆವತ್ತು ಅವಳಿಗೆ ಪಿತ್ತ ನೆತ್ತಿಗೇರಿತು.

"ಸಾಕು ರೀ. ರೇಡಿಯೇಟರ್ ನಾನೇ ಮಾಡಿಸ್ತೀನಿ. ಬಾಡಿ ನಂದು, ರೇಡಿಯೇಟರ್ ನಂದು. ಇನ್ಮೇಲೆ ಎರಡು ವೋಟು ನಂದು, ಒಂದು ನಿಮ್ಮದು."

ರೇಡಿಯೇಟರ್ ಮಾಡುವವನು ಬೇರೆ ಯಾರೂ ಅಲ್ಲ, ಅವಳ ಸೋದರಮಾವ. ಅವನ ಅಂಗಡಿಯ ಗೋಡೆಯ ಮೇಲೆ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಹಳೆಯ ರೇಡಿಯೇಟರುಗಳು ಸಾಲಾಗಿ ನೇತಾಡುತ್ತಿದ್ದವು. ಜೀವಮಾನವೆಲ್ಲ ತಗಡು ಬಡಿದು ಮಾವನಿಗೆ ಕಿವಿ ಮಂದ. ತನಗೆ ಕೇಳದ್ದು ಲೋಕಕ್ಕೂ ಕೇಳುವುದಿಲ್ಲ ಎಂದು ಬಗೆದು ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದ. ಅಕ್ಕ ತಂದಿಟ್ಟ ಹಳೆಯದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದು ರೇಡಿಯೇಟರ್ರೇನೇ? ಇದು ಬಾಚಣಿಗೆ! ಆ ರಾಕ್ಷಸನ ಹೊಟ್ಟೆಗೆ ಇದನ್ನ ಕಟ್ಟಿದೀರಲ್ಲ, ನಿನ್ನ ಗಂಡನಿಗೆ ತಲೇಲಿ ಏನಿದೆ?"

"ಹೊಗೆ ಇದೆ ಮಾವ. ಅದನ್ನ ಬಿಡು. ದೊಡ್ಡದು ಕೂರುತ್ತಾ, ಹೇಳು."

"ಎತ್ತರಕ್ಕೆ ಜಾಗ ಇಲ್ಲ. ಅಗಲಕ್ಕೆ ಹೋಗೋಣ, ದಪ್ಪಕ್ಕೆ ಹೋಗೋಣ. ಪೂರ್ತಿ ಅಲ್ಯೂಮಿನಿಯಂ. ನೀರು ಮೇಲಿಂದ ಕೆಳಕ್ಕೆ ಇಳಿಯೋ ಬದಲು ಈ ಕಡೆಯಿಂದ ಆ ಕಡೆಗೆ ಅಡ್ಡ ಹರೀಲಿ. ಸ್ವಲ್ಪ ಮುಂದಕ್ಕೆ ವಾಲಿಸಿ ಕೂರಿಸಿದ್ರೆ ಬಾನೆಟ್ ಮುಚ್ಚುತ್ತೆ. ಫ್ಯಾನು ಕರೆಂಟಿಂದು ಹಾಕು. ಆಮೇಲೂ ಕುದ್ರೆ ನನ್ನ ಹೆಸರು ಬೇರೆ ಇಡು."

ಮಾತಿಗೆ ತಪ್ಪದೆ ಮಾವ ಕೊಟ್ಟದ್ದು ನೋಡಲು ಅಂದವಾಗಿತ್ತು. ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತಿತ್ತು, ಹಳೆಯದರ ಎರಡರಷ್ಟು ಅಗಲ, ಅದಕ್ಕೆ ತಕ್ಕ ದಪ್ಪ. ಅಕ್ಕ ಅದನ್ನು ಲಾಂಡ್ರಿಯ ಗಾಡಿಯಲ್ಲಿ ಒಗೆದ ಹಾಸಿಗೆ ಬಟ್ಟೆಗಳ ನಡುವೆ ಮಗುವನ್ನು ಮಲಗಿಸಿದಂತೆ ಮಲಗಿಸಿ ತಂದಳು.

ಕೂರಿಸುವ ಕೆಲಸ ಮನೆಯ ಹಿಂದಿನ ಶೆಡ್ಡಿನಲ್ಲಿ ನಡೆಯಿತು. ಸತ್ಯ ಹೇಳಬೇಕು, ಚಿಮಣಿ ತಗಡಿನ ಕೆಲಸದಲ್ಲಿ ನಿಜಕ್ಕೂ ಗಟ್ಟಿಗ. ಮುಂದಿನ ಅಡ್ಡಪಟ್ಟಿ ಕೊಯ್ದು ರೇಡಿಯೇಟರಿಗೆ ಜಾಗ ಮಾಡಿದ, ಅಲುಗಾಡಿ ಬಿರುಕು ಬಿಡದಂತೆ ಕಾಲಡಿಗೆ ರಬ್ಬರ್ ಇಟ್ಟ. ಮೂತಿಯಿಂದ ರೇಡಿಯೇಟರಿನವರೆಗೆ ತಗಡಿನ ಸುರಂಗ ಕಟ್ಟಿ, ಸಂದಿಗಳಿಗೆಲ್ಲ ಫೋಮ್ ತುರುಕಿದ. ಒಳಗೆ ಬಂದ ಗಾಳಿ ಪಕ್ಕಕ್ಕೆ ನುಸುಳದೆ ರೇಡಿಯೇಟರನ್ನೇ ಹಾದುಹೋಗಬೇಕು ಎಂಬುದು ಲೆಕ್ಕ. ಅಕ್ಕ ಅವನ ಬೆನ್ನು ತಟ್ಟಿದಳು. ನೀರಿನ ಕೆಲಸ ಅವಳದು. ಲಾಂಡ್ರಿಯ ಬಾಯ್ಲರಿನ ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾರಿನ ಮೂತಿಯನ್ನು ಜ್ಯಾಕ್ ಮೇಲೆ ಎತ್ತಿ, ಮುಚ್ಚಳ ತೆಗೆದು, ರಬ್ಬರ್ ಪೈಪುಗಳನ್ನು ಹಸುವಿನ ಕೆಚ್ಚಲಿನಂತೆ ಹಿಚುಕಿ ಹಿಚುಕಿ, ಗುಳುಗುಳು ನಿಲ್ಲುವವರೆಗೂ ನೀರು ಕುಡಿಸಿದಳು.

ಉಳಿದದ್ದು ಫ್ಯಾನು. ರೇಡಿಯೇಟರಿನ ಹಿಂದೆ, ಇಂಜಿನ್ನಿನ ಕಡೆಗೆ ಅದನ್ನು ಕಟ್ಟಿ ಚಿಮಣಿ ವೈರು ಹಿಡಿದು ಯೋಚಿಸುತ್ತ ನಿಂತ. ಫ್ಯಾನಿನ ಮೈಮೇಲೆ ಗಾಳಿ ಯಾವ ಕಡೆ ಹೋಗಬೇಕೆಂದು ಒಂದು ಬಾಣ ಕೊರೆದಿತ್ತು. ಬಾಣ ಇಂಜಿನ್ನಿನ ಕಡೆಗಿತ್ತು. ಚಿಮಣಿ ಮೂಗು ಮುರಿದ.

"ಇದನ್ನ ಮಾಡಿದವನು ಒಂದು ಅಡುಗೆಮನೇನೂ ನೋಡಿಲ್ಲ. ಬಿಸಿಗಾಳಿ ಹೊರಗೆ ಹೋಗ್ಬೇಕು. ಅದನ್ನ ತಗೊಂಡು ಮೊದಲೇ ಕಾದಿರೋ ಇಂಜಿನ್ ಮುಖಕ್ಕೆ ಯಾಕೆ ಉಗೀಬೇಕು? ಇಷ್ಟು ವರ್ಷ ನಾನು ಏನು ಮಾಡ್ಕೊಂಡು ಬಂದಿದೀನಿ? ಬಿಸಿ ಒಳಗಿಂದ ಹೊರಗೆ. ಅಷ್ಟೇ."

ಹೇಳಿ, ಎರಡು ವೈರುಗಳನ್ನು ಅದಲುಬದಲು ಮಾಡಿ ಸಿಕ್ಕಿಸಿದ. ಫ್ಯಾನು ಹಿಂದುಮುಂದಾಗಿ ತಿರುಗಿ, ಕಾರಿನ ಮೂತಿಯಿಂದ ಬಿಸಿಗಾಳಿ ಭರ್ರೆಂದು ಹೊರಗೆ ಹೊಡೆಯತೊಡಗಿತು. ಶೆಡ್ಡಿನಲ್ಲಿ ನಿಲ್ಲಿಸಿದ ಕಡೆಯೇ ಇಂಜಿನ್ ಓಡಿಸಿ ನೋಡಿದರು. ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂತು, ಅಲ್ಲೇ ಕೂತಿತು. ಏರಲಿಲ್ಲ. ಅತ್ತೆಯನ್ನು ಕುರ್ಚಿಸಮೇತ ತಂದು ಕೂರಿಸಿ ತೋರಿಸಿದರು. ಚಿಮಣಿ ಎದೆ ಉಬ್ಬಿಸಿ ಮೂತಿಯ ಮುಂದೆ ಅಂಗೈ ಹಿಡಿದು, "ನೋಡಮ್ಮ, ಹೇಗೆ ಬಿಸಿ ಆಚೆ ಹೋಗ್ತಿದೆ" ಎಂದ. ಅತ್ತೆ ತನ್ನ ಒದ್ದೆ ಕೂದಲನ್ನು ಆ ಗಾಳಿಗೆ ಒಡ್ಡಿ ಒಣಗಿಸಿಕೊಂಡು, "ಇಷ್ಟಾದ್ರೂ ಉಪಯೋಗಕ್ಕೆ ಬಂತಲ್ಲ" ಎಂದಳು.

ಅಕ್ಕ ಕೈ ಚಾಚಿದಳು. "ಕೀ ಕೊಡಿ."

"ತಾಳೇ. ಮೊದಲು ನಾನೊಂದು ಸುತ್ತು ಹೋಗಿ ನೋಡ್ತೀನಿ. ಏನಾದ್ರೂ ಆದ್ರೆ?"

ಅವನು ಹೋದ. ಅವಳು ಬಾಗಿಲಲ್ಲಿ ಹೊಸ ಮದುವಣಗಿತ್ತಿಯ ಹಾಗೆ ಕಾದಳು. ಕಾರು ಬಂತು, ಹಾಲಿನ ವ್ಯಾನಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಸಿಗ್ನಲ್ಲಿನಲ್ಲಿ ಏನೂ ಆಗಲಿಲ್ಲವಂತೆ. ಸೇತುವೆ ದಾಟಿ ಒಂದಿಷ್ಟು ವೇಗ ಹಿಡಿಯುತ್ತಿದ್ದಂತೆ ಮುಳ್ಳು ಕೆಂಪಿಗೆ ಹಾರಿತಂತೆ.

"ರೇಡಿಯೇಟರ್ ಸಾಲ್ದು ಕಣೇ. ನಿಮ್ಮ ಮಾವ ಕೈಕೊಟ್ರು" ಎಂದ ಚಿಮಣಿ, ಮುಖದ ಮಸಿ ಒರೆಸಿಕೊಳ್ಳುತ್ತ.

ಅವಳಿಗೆ ಜೀವವೇ ಉಡುಗಿಹೋಯಿತು. ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆದರೆ ಮಲಗಿದ ಮೇಲೂ ತಲೆ ಸುಮ್ಮನಿರಬೇಕಲ್ಲ? ಮೊದಲು ನಿಂತಾಗ ಕುದಿಯುತ್ತಿದ್ದ ಕಾರು ಈಗ ಓಡುವಾಗ ಕುದಿಯುತ್ತಿದೆ. ಕಾಯಿಲೆ ವಾಸಿಯಾಗಿಲ್ಲ, ಆದರೆ ತಲೆಕೆಳಗಾಗಿದೆ. ಅಂದಮೇಲೆ ಎಲ್ಲೋ ಏನೋ ತಲೆಕೆಳಗಿದೆ. ಏನು ಎಂದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಮಾರನೆಯ ಮಧ್ಯಾಹ್ನ. ಲಾಂಡ್ರಿಯ ಹಿಂದಿನ ಕಿಟಕಿ ಶೆಡ್ಡಿಗೆ ನೇರವಾಗಿ ತೆರೆಯುತ್ತಿತ್ತು. ಅವಳು ಯಾರದೋ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತ ಹೊರಗೆ ನೋಡಿದಾಗ ಚಿಮಣಿ ಬಾನೆಟ್ ಎತ್ತಿ ಫ್ಯಾನು ಮಾತ್ರ ಹಾಕಿದ್ದ. ಅವನಿಗೂ ಏನೋ ಅನುಮಾನ ಬಂದಿರಬೇಕು. ಜೇಬಿನಿಂದ ಕರವಸ್ತ್ರ ತೆಗೆದು ಕಾರಿನ ಮೂತಿಯ ಮುಂದೆ ಹಿಡಿದ. ಅದು ಬಾವುಟದ ಹಾಗೆ ಅವನ ಮುಖದ ಕಡೆಗೇ ಪಟಪಟ ಹಾರಿತು. ಅವನು ಅದನ್ನು ನೋಡಿದ. ಆಮೇಲೆ ರಸ್ತೆಯ ಕಡೆ ನೋಡಿದ, ಕಾರು ಓಡುವಾಗ ಎದುರಿನಿಂದ ಬರುವ ಗಾಳಿಯನ್ನು ಅಳೆಯುವವನಂತೆ ಅಂಗೈಯನ್ನು ಆ ಕಡೆಯಿಂದ ಈ ಕಡೆಗೆ ಆಡಿಸಿದ. ಒಂದು ಗಾಳಿ ಒಳಗೆ ನುಗ್ಗುತ್ತಿದೆ, ಇನ್ನೊಂದು ಹೊರಗೆ ತಳ್ಳುತ್ತಿದೆ. ಎರಡೂ ರೇಡಿಯೇಟರಿನಲ್ಲಿ ಮುಖಾಮುಖಿಯಾಗಿ ನಿಂತುಬಿಡುತ್ತವೆ. ಅವನಿಗೆ ಅರ್ಥವಾಯಿತು. ಕಿಟಕಿಯಲ್ಲಿದ್ದ ಅಕ್ಕನಿಗೂ ಅದೇ ಕ್ಷಣ ಅರ್ಥವಾಯಿತು. ಖುಷಿಗೆ ಅವಳು ಕೂಗಬೇಕೆಂದಿದ್ದಳು.

ಚಿಮಣಿಯ ಕೈ ವೈರಿನ ಕಡೆ ಹೋಯಿತು. ಎರಡು ಬೆರಳಿನ ಕೆಲಸ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಕೈ ಹಿಂದಕ್ಕೆ ತೆಗೆದ. ಅತ್ತ ಇತ್ತ ನೋಡಿದ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಸದ್ದಾಗದಂತೆ ಬಾನೆಟ್ ಮುಚ್ಚಿ, ಹೊರಟುಹೋದ.

ಇಸ್ತ್ರಿಯ ಕೆಳಗೆ ಅಂಗಿ ಸುಟ್ಟ ವಾಸನೆ ಬಂತು. ಅಕ್ಕ ಎತ್ತಲಿಲ್ಲ. ಯಾವನ ಅಂಗಿಯೋ ಏನೋ, ಪೂರ್ತಿ ಕಾಲರು ಹೋಯಿತು.

ಊಟಕ್ಕೆ ಕೂತಾಗ ಚಿಮಣಿ ತಟ್ಟೆಯಿಂದ ಮುಖ ಎತ್ತದೆ, "ಎಲ್ಲಾ ಕಡೆ ನೋಡಿದೆ ಕಣೇ. ಇನ್ನೂ ದೊಡ್ಡ ರೇಡಿಯೇಟರೇ ಬೇಕಾಗುತ್ತೆ. ಮುಂದಿನ ವರ್ಷ ನೋಡೋಣ" ಎಂದ.

"ಎಲ್ಲಾ ಕಡೆ ನೋಡಿದ್ರಾ?"

"ನೋಡಿದೆ."

"ಫ್ಯಾನು?"

"ಫ್ಯಾನು ಚೆನ್ನಾಗೇ ಇದೆ."

ಅವಳು ಸುಮ್ಮನಾದದ್ದು ಕಂಡು ಅತ್ತೆಗೇ ಗಾಬರಿಯಾಯಿತು. ಮಗ ಕೈತೊಳೆಯಲು ಎದ್ದು ಹೋದ ಮೇಲೆ ಸೊಸೆಯ ಮೊಣಕೈ ಹಿಡಿದೆಳೆದಳು.

"ಏನೇ ಆಯ್ತು? ಬೈಯೋದು ಬಿಟ್ಟು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನನಗೆ ಅನ್ನ ಇಳಿಯಲ್ಲ."

ಅಕ್ಕ ಹೇಳಿದಳು. ಅತ್ತೆ ಕೇಳಿಸಿಕೊಂಡು ತುಟಿ ಕಚ್ಚಿದಳು.

"ಹಾಳಾದವನು. ಚಿಕ್ಕಂದಿನಲ್ಲೂ ಹೀಗೇ. ಆಟದಲ್ಲಿ ಸೋಲೋ ಹಾಗಾದ್ರೆ ಚೆಂಡನ್ನ ಬಚ್ಚಿಟ್ಟು, ಕಳೆದುಹೋಯ್ತು ಅಂತಿದ್ದ. ನಾಳೆ ಅಂಗಡಿ ನಾನು ನೋಡ್ಕೋತೀನಿ. ನೀನು ಹೋಗು."

"ಎಲ್ಲಿಗೆ?"

"ನನ್ನನ್ನ ಕೇಳಿದ್ರೆ? ಕಾರು ಯಾವ ಕಡೆ ತಿರುಗುತ್ತೋ ಆ ಕಡೆಗೆ."

ಬೆಳಿಗ್ಗೆ ಚಿಮಣಿ ಯಾವುದೋ ಹೋಟೆಲಿನ ಕೆಲಸಕ್ಕೆ ಹೊರಟ. ಅಕ್ಕ ಅತ್ತೆಯನ್ನು ಲಾಂಡ್ರಿಯ ಗಲ್ಲಾದಲ್ಲಿ ಕೂರಿಸಿ, ಕೈಗೊಂದು ಬೀಸಣಿಗೆ ಕೊಟ್ಟು, ನೇರ ಶೆಡ್ಡಿಗೆ ಹೋದಳು. ವೈರು ಅದಲುಬದಲು ಮಾಡಲು ತೆಗೆದುಕೊಂಡ ಸಮಯಕ್ಕಿಂತ ಬಾನೆಟ್ಟಿನ ಕೊಂಡಿ ಬಿಡಿಸಲು ಹೆಚ್ಚು ಸಮಯ ಹಿಡಿಯಿತು. ಫ್ಯಾನು ಹಾಕಿ, ಒಗೆಯಲು ಬಂದಿದ್ದ ಯಾರದೋ ದಿಂಬಿನ ಚೀಲವನ್ನು ಮೂತಿಯ ಮುಂದೆ ಹಿಡಿದಳು. ಅದು ಒಳಗಿನ ಸೆಳೆತಕ್ಕೆ ಸಿಕ್ಕಿ ಸರ್ರನೆ ಹೋಗಿ ಜಾಲರಿಗೆ ಹಲ್ಲಿಯ ಹಾಗೆ ಅಂಟಿಕೊಂಡಿತು. "ಥೂ, ನಿಮ್ಮ" ಎಂದು ಅವಳು ಗಂಡನನ್ನು ನೆನೆದು ಬೈದಳು. ಇಷ್ಟೇ ಇಷ್ಟು! ಇಷ್ಟಕ್ಕೆ ಮುಂದಿನ ವರ್ಷವಂತೆ!

ಕೀ ಮೊಳೆಯ ಮೇಲೇ ನೇತಾಡುತ್ತಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ. ಇಷ್ಟು ದಿನ ಅವಳನ್ನು ತಡೆದದ್ದು ಒಂದು ಮಾತಿನ ನಂಬಿಕೆ ಅಷ್ಟೇ. ಅವಳು ಸೀಟಿಗೆ ಬಿದ್ದು, ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ತನ್ನ ಕಣ್ಣಿಗೆ ಸರಿಮಾಡಿ, ಇಂಜಿನ್ ಎಬ್ಬಿಸಿದಳು. ಕಾರು ಗೇಟಿನ ಹತ್ತಿರ ಬರುವುದಕ್ಕೂ, ಮರೆತ ಡ್ರಿಲ್ಲಿಂಗ್ ಮಷೀನಿಗಾಗಿ ಚಿಮಣಿ ಓಡೋಡಿ ವಾಪಸ್ಸು ಬರುವುದಕ್ಕೂ ಸರಿಹೋಯಿತು.

"ಏಯ್! ಏಯ್! ಎಲ್ಲಿಗೆ? ಕುದ್ದುಹೋಗುತ್ತೆ ಕಣೇ!"

"ಹತ್ತಿ" ಎಂದಳು.

ಅವಳ ಮುಖ ನೋಡಿ ಅವನು ಡ್ರಿಲ್ಲಿಂಗ್ ಮಷೀನಿನ ವಿಷಯ ಎತ್ತಲಿಲ್ಲ. ಮೂಲೆಯಲ್ಲಿದ್ದ ನೀರಿನ ಕ್ಯಾನನ್ನು ತಬ್ಬಿಕೊಂಡು ಪಕ್ಕದ ಸೀಟಿಗೆ ಬಿದ್ದ. ಗಲ್ಲಾದಿಂದ ಅತ್ತೆ ಬೀಸಣಿಗೆ ಆಡಿಸಿ, "ನಿಧಾನಕ್ಕೆ ಬನ್ನಿ, ಅವಸರ ಇಲ್ಲ" ಎಂದು ಕೂಗಿದಳು.

ಸಿಗ್ನಲ್ಲಿನಲ್ಲಿ ನಿಂತರು. ಮುಳ್ಳು ಮಧ್ಯದಲ್ಲಿತ್ತು. ಪೆಟ್ರೋಲ್ ಬಂಕಿನವನು ಕಾರು ಕಂಡು ಅಲ್ಲಿದ್ದವರಿಗೆಲ್ಲ ದೂರ ಹೋಗಲು ಕೈಮಾಡಿದ, ಕಾರು ಅವನ ಮುಂದೆ ಜುಮ್ಮೆಂದು ಹಾದುಹೋಯಿತು. ಸೇತುವೆ ದಾಟಿದರು. ವೇಗ ಏರಿತು, ಮುಳ್ಳು ಏರಲಿಲ್ಲ. ಗುಡ್ಡದ ರಸ್ತೆ ಶುರುವಾಯಿತು. ಮೊದಲ ತಿರುವಿಗೆ ಮುಂಚೆಯೇ ಅವಳು ಗೇರು ಇಳಿಸಿದಳು. ಕರಕರ ಇಲ್ಲ, ಜಗ್ಗಾಟ ಇಲ್ಲ, ಕಾರು ರಸ್ತೆಯನ್ನು ಸವರಿಕೊಂಡು ತಿರುಗಿತು. ಕೈಗೆ ಎಲ್ಲವೂ ನೆನಪಿತ್ತು. ಅವಳ ಮೈಯೆಲ್ಲ ಹಗುರವಾಗಿತ್ತು, ಎದೆಯೊಂದು ಬಿಟ್ಟು.

"ಮೆಲ್ಲಗೆ" ಎಂದ ಚಿಮಣಿ, ಕ್ಯಾನಿನ ಹಿಂದಿನಿಂದ.

"ನಿಮಗೆ ಗೊತ್ತಿತ್ತು ಅಲ್ವಾ?"

"ಏನು?"

"ಫ್ಯಾನು ಉಲ್ಟಾ ಇದೆ ಅಂತ. ಕರವಸ್ತ್ರ ಹಿಡಿದು ನೋಡಿದ್ರಿ. ನಾನು ಕಿಟಕೀಲಿದ್ದೆ."

ಅವನು ಕ್ಯಾನನ್ನು ಇನ್ನಷ್ಟು ಅವಚಿಕೊಂಡ. ಆಮೇಲೆ, "ಅದು ಸರಿಯಾಗಿ ಗೊತ್ತಾಗ್ಲಿಲ್ಲ ಕಣೇ. ನಿನ್ನೆ ಗಾಳಿ ಬೀಸ್ತಿತ್ತಲ್ಲ."

"ಒಂದು ಎಲೆ ಅಲ್ಲಾಡ್ತಿರಲಿಲ್ಲ."

"ವೈರು ಬದಲಾಯಿಸಿ ಮೋಟರ್ ಸುಟ್ಟುಹೋದ್ರೆ ಅಂತ..."

"ನಾನು ಬದಲಾಯಿಸಿದೀನಿ. ಸುಟ್ಟಿದೆಯಾ?"

"ನಾಳೆ ಹೇಳೋಣ ಅಂತಿದ್ದೆ."

"ಮುಂದಿನ ವರ್ಷ ಅಂದ್ರಿ."

ಅವನು ಕಿಟಕಿಯಾಚೆ ನೋಡತೊಡಗಿದ. ಅವಳಿಗೆ ಕಣ್ಣು ತುಂಬಿ ರಸ್ತೆ ಮಂಜಾಯಿತು. ಮೊಣಕೈಯಿಂದ ಒರೆಸಿಕೊಂಡಳು.

"ನಾನು ನಂಬಿದ್ದೆ ರೀ. ಕುದ್ದಾಗಲೆಲ್ಲ ನಿಮಗಿಂತ ನನಗೇ ಹೊಟ್ಟೆ ಉರೀತಿತ್ತು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ಕಾದೆ. ನಮ್ಮಪ್ಪನ ಕಾರು ಇದು. ಯಾಕೆ ಹೀಗೆ ಮಾಡಿದ್ರಿ? ಅದೊಂದು ಹೇಳಿ ಸಾಕು."

"ರಸ್ತೆ ನೋಡೇ" ಎಂದ.

ಗುಡ್ಡದ ನೆತ್ತಿಯಲ್ಲಿ ರಸ್ತೆ ಅಗಲವಾಗಿ, ಪಕ್ಕದಲ್ಲಿ ಮೋಟುಗೋಡೆ ಇದ್ದ ಕಡೆ ಅವಳು ಕಾರು ನಿಲ್ಲಿಸಿದಳು.

"ಇಳಿ."

ಮದುವೆಯಾದಂದಿನಿಂದ ಅವನನ್ನು ಬೈದದ್ದುಂಟು, ಶಪಿಸಿದ್ದುಂಟು, ಆದರೆ ಎಲ್ಲವೂ ಬಹುವಚನದ ಮರ್ಯಾದೆಯಲ್ಲೇ ನಡೆದಿತ್ತು. ಅವನು ಬೆಚ್ಚಿ ನೋಡಿದ. ಆಮೇಲೆ ಬಾಗಿಲು ತೆಗೆದು, ಯಾರೂ ಕೈಕೊಡದೆ ಕಷ್ಟಪಟ್ಟು ಎದ್ದು ಹೊರಗೆ ಬಂದ. ಅವಳು ಹಿಂದೆ ತಿರುಗಿ ನೋಡದೆ ಗುಡ್ಡದ ಆಚೆ ಕಡೆಗೆ ಕಾರು ಇಳಿಸಿದಳು.

ಒಬ್ಬಳೇ ಓಡಿಸುವುದೆಂದರೆ ಏನೆಂದು ಅವಳಿಗೆ ಮರೆತೇಹೋಗಿತ್ತು. ಮೆಲ್ಲಗೆ ಎನ್ನುವವರಿಲ್ಲ, ಬ್ರೇಕ್ ಎನ್ನುವವರಿಲ್ಲ. ಒಂದು ತಿರುವಿನಲ್ಲಿ ಅತ್ತಳು, ಇನ್ನೊಂದು ತಿರುವಿನಲ್ಲಿ ಜೋರಾಗಿ ನಕ್ಕಳು, ಅಪ್ಪಾ ಎಂದು ಕೂಗಿದಳು. ಕುರಿ ಮೇಯಿಸುತ್ತಿದ್ದವನೊಬ್ಬ ತನ್ನನ್ನೇ ಕರೆದದ್ದೆಂದು ಕೈಬೀಸಿದ. ಗುಡ್ಡದ ಬುಡ ಮುಟ್ಟಿದಾಗ, ಹೀಗೇ ಮುಂದೆ ಹೋಗಿಬಿಡಲೇ, ಆ ಸುಳ್ಳುಗಾರ ನಡೆದುಕೊಂಡು ಮನೆ ಸೇರಲಿ, ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದು ಚೆನ್ನಾಗಿಯೇ ಇತ್ತು. ಆದರೂ ಕಾರು ತಿರುಗಿಸಿದಳು. ಏರುವಾಗ ಇಂಜಿನ್ ಹಾಡಿತು. ಮುಳ್ಳು ಕದಲಲಿಲ್ಲ.

ನೆತ್ತಿಗೆ ಬಂದರೆ ಅಲ್ಲೊಂದು ಲಾರಿ ನಿಂತಿತ್ತು, ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಅಕ್ಕ ಅದರ ಹಿಂದೆ ನಿಲ್ಲಿಸಿ ಕೀ ತಿರುಗಿಸಿದಳು. ಲಾರಿಯ ಆಚೆ ಬದಿಯಲ್ಲಿ ಚಿಮಣಿ ಮೋಟುಗೋಡೆಯ ಮೇಲೆ ಕೂತಿದ್ದನೆಂದು ಲಾರಿಯ ಅಡಿಯಲ್ಲಿ ಕಂಡ ಅವನ ಚಪ್ಪಲಿಗಳಿಂದ ಗೊತ್ತಾಯಿತು. ಗದ್ದಲಕ್ಕೆ ಅವನೂ ಲಾರಿಯವನೂ ಕೂಗಿಯೇ ಮಾತಾಡುತ್ತಿದ್ದರು.

"ಗಾಡಿ ಎಲ್ಲಿ ಕೆಟ್ಟಿದೆ? ನೀರು ಗೀರು ಬೇಕೇನ್ರೀ?" ಎಂದ ಲಾರಿಯವನು.

"ಕೆಟ್ಟಿಲ್ಲಪ್ಪ. ಹೆಂಡತಿ ಓಡಿಸ್ತಿದ್ದಾಳೆ."

"ನಿಮ್ಮನ್ನ ಇಳಿಸಿ ಹೋಗ್ಬಿಟ್ರಾ? ಯಾಕೆ?"

ಲಾರಿಯ ಅಡಿಯಲ್ಲಿ ಆ ಚಪ್ಪಲಿಗಳು ಮಣ್ಣು ಕೆರೆದವು.

"ಅವಳು ನನಗಿಂತ ಚೆನ್ನಾಗಿ ಓಡಿಸ್ತಾಳೆ. ಮೊದಲಿಂದ್ಲೂ ಗೊತ್ತು ನನಗೆ. ಪಕ್ಕದಲ್ಲಿ ಕೂತು ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಅದಕ್ಕೇ ಕೀ ಕೊಡಲಿಲ್ಲ. ಸುಳ್ಳು ಹೇಳ್ಕೊಂಡು ಬಂದೆ."

"ಅಯ್ಯೋ ಮಹರಾಯರೇ, ಇದನ್ನ ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳ್ರೀ!"

"ಅವಳಿಗೆ ಹೇಳೋಕೆ ಆಗಿದ್ರೆ ಈ ಕಲ್ಲಿನ ಮೇಲೆ ಯಾಕಪ್ಪ ಕೂತಿರ್ತಿದ್ದೆ?"

ಅಕ್ಕ ಸ್ಟೀರಿಂಗ್ ಮೇಲೆ ಹಣೆ ಇಟ್ಟು ಒಂದು ಗಳಿಗೆ ಹಾಗೇ ಕೂತಳು. ಅವಳ ಸಿಟ್ಟು ಹೋಗಿರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆಮೇಲೆ ಹಾರ್ನ್ ಒತ್ತಿದಳು.

ಲಾರಿಯ ಹಿಂದಿನಿಂದ ಎರಡು ತಲೆಗಳು ಇಣುಕಿದವು. ಚಿಮಣಿ ಅವಳನ್ನು ನೋಡಿದ, ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಾಳೆಂದು ಅವಳ ಮುಖದಲ್ಲೇ ಓದಿಕೊಂಡ. ಅವನ ಕಿವಿಯವರೆಗೂ ಕೆಂಪೇರಿತು. ಲಾರಿಯವನು ಮೆಲ್ಲಗೆ ತನ್ನ ಗಾಡಿ ಹತ್ತಿ ಜಾಗ ಖಾಲಿ ಮಾಡಿದ.

ಅಕ್ಕ ಒಳಗಿನಿಂದಲೇ ಬಾಗಿ ಪಕ್ಕದ ಬಾಗಿಲು ತೆರೆದಳು.

"ಬನ್ನಿ" ಎಂದಳು. "ಕೂತು ನೋಡಿ."

ಅವನು ಬಂದು ಸೀಟಿಗೆ ಬಿದ್ದ. ಕಾರು ಮನೆಯ ಕಡೆಗೆ ಇಳಿಯತೊಡಗಿತು. ಮೊದಲ ತಿರುವು ಬಂದಾಗ ಅವನು ರಸ್ತೆ ನೋಡಲಿಲ್ಲ, ಮುಳ್ಳು ನೋಡಲಿಲ್ಲ, ಅವಳ ಕೈಗಳನ್ನು ನೋಡುತ್ತ ಕೂತ.